ಧೂಳಿನೊಳಗಣ ಗಾಳಿ

ಆಕಾಶದಲ್ಲಿ ಮಂಕಾಗಿ ತೋರುವ ವಸ್ತುವು ನಿಜವಾಗಿಯೂ ಮಂಕಾಗಿರಬೇಕೆಂಬ ನಿಯಮವಿಲ್ಲ. ೧೯೮೩ರ ಜನವರಿಯಲ್ಲಿ ಮೇಲೇರಿದ ಐರಾಸ್ ಉಪಗ್ರಹವು ಆಕಾಶವನ್ನು ಅವಕೆಂಪು ಕಿರಣಗಳಲ್ಲಿ ಶೋಧಿಸಿದಾಗ, ಅದುವರೆಗೆ ಯಾರೂ ವಿಶೇಷವಾಗಿ ಗಮನಿಸದಿದ್ದ ಕೆಲವು ಗೆಲಾಕ್ಸಿಗಳು ಒಂದು ಲಕ್ಷ ಕೋಟಿ ಸೂರ್ಯರಿಗಿಂತಲೂ ಹೆಚ್ಚಿನ ಶಕ್ತಿಯನ್ನು ಚೆಲ್ಲುತ್ತಿರುವುದು ತಿಳಿದುಬಂತು. ಅವುಗಳನ್ನು ಮರೆಮಾಡಿದ್ದುದು ಧೂಳು. ಒಳಗಿನ ಬೆಳಕನ್ನು ಹೀರಿ ಧೂಳು ತಾನೇ ಕಾಯುತ್ತದೆ; ಕಾದು, ಆ ಶಕ್ತಿಯನ್ನು ಅವಕೆಂಪು ಕಿರಣಗಳಾಗಿ ಹೊರಗೆ ಬಿಡುತ್ತದೆ. ಹಂಚು ಕೆಂಪಗಾಗದಿದ್ದರೂ ಅದರ ಬಳಿ ಅಂಗೈ ಹಿಡಿದವರಿಗೆ ಕೆಳಗೆ ಬೆಂಕಿಯಿದೆಯೆಂದು ತಿಳಿಯುವುದಷ್ಟೆ.

ಆದರೆ ಕೆಳಗೆ ಉರಿಯುತ್ತಿರುವುದು ಯಾವ ಬೆಂಕಿ? ಗುಂಪುಗುಂಪಾಗಿ ಹುಟ್ಟುತ್ತಿರುವ ನಕ್ಷತ್ರಗಳೇ? ಅಥವಾ ಗೆಲಾಕ್ಸಿಯ ನಾಭಿಯಲ್ಲಿ ಕುಳಿತು ಅನಿಲವನ್ನು ನುಂಗುತ್ತಿರುವ ಕೃಷ್ಣವಿವರವೇ? ಎರಡೂ ಧೂಳನ್ನು ಕಾಯಿಸಬಲ್ಲವು. ಬರಿಯ ಶಾಖವನ್ನು ಅಳೆದು ಇಂಥದೇ ಎಂದು ಹೇಳುವುದು ಸುಲಭವಲ್ಲ.

ಹೆಸರಿಲ್ಲದವನಿಗೆ ಹೆಸರು ದೊರೆತ ಕಥೆಯೊಂದು ನಮ್ಮ ರಾಯಚೂರು ಜಿಲ್ಲೆಯಲ್ಲಿಯೇ ಇದೆ. ‘ದೇವಾನಾಂಪ್ರಿಯ’ನೆಂಬ ದೊರೆಯೊಬ್ಬನ ಶಾಸನಗಳು ನಾಡಿನಾದ್ಯಂತ ದೊರೆತಿದ್ದವು, ಸಿಂಹಳದ ಇತಿಹಾಸಗ್ರಂಥಗಳ ನೆರವಿನಿಂದ ಅವನೇ ಅಶೋಕನೆಂದು ಪಂಡಿತರು ಊಹಿಸಿಯೂ ಇದ್ದರು. ೧೯೧೫ರಲ್ಲಿ, ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯಲ್ಲಿ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಕಂಡ ಬಂಡೆಯ ಮೇಲೆ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ಹಿಂದಿನ ಊಹೆ ಸರಿಯಾಗಿಯೇ ಇತ್ತು. ಆದರೂ ಊಹೆ ಬೇರೆ, ಬಂಡೆಯ ಮೇಲಿನ ಹೆಸರು ಬೇರೆ.

ಧೂಳುಮುಸುಕಿದ ಗೆಲಾಕ್ಸಿಗಳಲ್ಲಿ ಈ ಹೆಸರಿನ ಸ್ಥಾನಕ್ಕೆ ಬಹಳಮಟ್ಟಿಗೆ ಸಲ್ಲುವುದು ಅನಿಲದ ವೇಗ. ೨೦೦೯ರಿಂದ ೨೦೧೩ರವರೆಗೆ ಕೆಲಸ ಮಾಡಿದ ಹರ್ಷೆಲ್ ಅಂತರಿಕ್ಷ ದೂರದರ್ಶಕವು ಹೈಡ್ರಾಕ್ಸಿಲ್ ಅಣುವಿನ ರೋಹಿತರೇಖೆಗಳನ್ನು ಪರೀಕ್ಷಿಸಿತು. ಅವುಗಳಲ್ಲೊಂದರ ಅಲೆಯುದ್ದ ಸುಮಾರು ೧೧೯ ಮೈಕ್ರಾನು. ನಮ್ಮ ವಾಯುಮಂಡಲದ ನೀರಾವಿ ಅದನ್ನು ನೆಲಕ್ಕೆ ಇಳಿಯಗೊಡದು. ಸುಮಾರು ೫೮ ಕೋಟಿ ಜ್ಯೋತಿರ್ವರ್ಷ ದೂರದ ಮಾರ್ಕೇರಿಯನ್ ೨೩೧ ಎಂಬ ಗೆಲಾಕ್ಸಿಯಲ್ಲಿ ಈ ರೇಖೆಯ ಹೀರಿಕೆಯ ಭಾಗವು ಕಿರಿಯ ಅಲೆಯುದ್ದದ ಕಡೆಗೆ ಸರಿದಿತ್ತು. ಇಲ್ಲಿ ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬೆಳಗುವ ಧೂಳಿನ ಮುಂದೆ ನಿಂತ ಅನಿಲ ಮಾತ್ರವೇ ಅದರ ಬೆಳಕನ್ನು ಹೀರಬಲ್ಲುದು. ಮುಂದಿರುವ ಅನಿಲ ನಮ್ಮತ್ತ ಬರುತ್ತಿದೆಯೆಂದರೆ ಅದು ನಾಭಿಯಿಂದ ಹೊರಕ್ಕೆ ಹೊರಟಿದೆ ಎಂದೇ ಅರ್ಥ. ಅದರ ವೇಗ ಸೆಕೆಂಡಿಗೆ ೧೦೦೦ ಕಿಲೋಮೀಟರಿಗೂ ಹೆಚ್ಚು. ಸಿಡಿಯುವ ನಕ್ಷತ್ರಗಳು ತಳ್ಳುವ ಅನಿಲ ಸಾಮಾನ್ಯವಾಗಿ ಕೆಲವು ನೂರು ಕಿಲೋಮೀಟರು ವೇಗದಲ್ಲಿ ಹೋಗುತ್ತದೆ. ಆದುದರಿಂದ ಇಂಥ ಬಿರುಗಾಳಿಯ ಹಿಂದೆ ಕೃಷ್ಣವಿವರವಿದೆಯೆಂಬ ತೀರ್ಮಾನವನ್ನು ಒಪ್ಪಲು ನನಗೆ ಅಡ್ಡಿಯಿಲ್ಲ.

ಮುಂದಿನ ಹೆಜ್ಜೆಯ ಬಗೆಗೆ ನನಗೆ ತಕರಾರಿದೆ. ೨೦೧೦ರಲ್ಲಿ ಕಾರ್ಬನ್ ಮಾನಾಕ್ಸೈಡಿನ ರೇಖೆಯಿಂದ ಅಂದಾಜು ಮಾಡಿದವರು, ಮಾರ್ಕೇರಿಯನ್ ೨೩೧ರಿಂದ ವರ್ಷಕ್ಕೆ ಸುಮಾರು ೭೦೦ ಸೂರ್ಯರ ತೂಕದ ಅನಿಲ ಹೊರಹೋಗುತ್ತಿದೆಯೆಂದೂ, ಇದೇ ದರದಲ್ಲಿ ಒಂದು ಕೋಟಿ ವರ್ಷಗಳಲ್ಲಿ ಅಲ್ಲಿನ ಅನಿಲದ ದಾಸ್ತಾನು ಬರಿದಾಗಬಹುದೆಂದೂ ಹೇಳಿದರು. ಅನಿಲವಿಲ್ಲದೆ ನಕ್ಷತ್ರ ಹುಟ್ಟದು. ಅಲ್ಲಿಂದ ‘ಕೃಷ್ಣವಿವರವು ಗೆಲಾಕ್ಸಿಯನ್ನು ಕೊಲ್ಲುತ್ತದೆ’ ಎಂಬ ತಲೆಬರಹಕ್ಕೆ ಒಂದೇ ನೆಗೆತ! ದೊಡ್ಡ ಗೆಲಾಕ್ಸಿಗಳು ಹೊಸ ನಕ್ಷತ್ರಗಳನ್ನು ಹೆರುವುದನ್ನು ಏಕೆ ನಿಲ್ಲಿಸಿದವೆಂಬ ಹಿರಿಯ ಪ್ರಶ್ನೆಗೆ ಇದು ಉತ್ತರವಾಗಬಹುದು. ಆದರೆ ಉತ್ತರವಾಗಿದೆ ಎನ್ನಲು ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ.

ಸಿಂಧನೂರಿನ ಹುಡುಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಎಷ್ಟು ಬಿರುಸಾಗಿ ಓಡುತ್ತಿದೆಯೆಂದು ಹೇಳಿದರೆ ಎಷ್ಟು ನೀರು ಬಂತೆಂದು ಹೇಳಿದಂತಾಗದು. ಅಗಲ ಬೇಕು, ಆಳ ಬೇಕು. ಅದೂ ಗೊತ್ತಾದ ಮೇಲೆ, ಕೊನೆಯಂಚಿನ ಗದ್ದೆಗೆ ನೀರು ಮುಟ್ಟಿತೇ ಎಂಬ ಪ್ರಶ್ನೆ ಬೇರೆಯೇ ಉಳಿಯುತ್ತದೆ. ಗೆಲಾಕ್ಸಿಯ ಗಾಳಿಯಲ್ಲಿ ವೇಗವೊಂದನ್ನು ನಾವು ಚೆನ್ನಾಗಿ ಬಲ್ಲೆವು. ಅನಿಲ ನಾಭಿಯಿಂದ ಎಷ್ಟು ದೂರದಲ್ಲಿದೆ, ಎಷ್ಟು ದಟ್ಟವಾಗಿದೆ ಎಂಬುದು ಬಹುಪಾಲು ಅಂದಾಜು. ತಣ್ಣನೆಯ ಹೈಡ್ರೋಜನ್ ಅಣು ತನ್ನ ಇರವನ್ನು ಸುಲಭವಾಗಿ ತೋರಗೊಡದಾದುದರಿಂದ ಕಾರ್ಬನ್ ಮಾನಾಕ್ಸೈಡನ್ನು ಅಳೆದು ಅದರ ತೂಕವನ್ನು ಲೆಕ್ಕಹಾಕುತ್ತಾರೆ. ಆ ಗುಣಕವೇ ಹಲವು ಪಟ್ಟು ಹೆಚ್ಚುಕಡಮೆಯಾಗಬಹುದು. ಐರಾಸ್ ಎಫ್ ೧೧೧೧೯+೩೨೫೭ ಎಂಬ ಗೆಲಾಕ್ಸಿಯ ನಾಭಿಯಲ್ಲಿ ಬೆಳಕಿನ ವೇಗದ ಕಾಲುಭಾಗದಷ್ಟು ವೇಗದ ಗಾಳಿಯನ್ನೂ, ಹೊರಗಡೆ ಹರಿಯುವ ಅಣುಗಳ ಪ್ರವಾಹವನ್ನೂ ಒಂದೇ ಸರಪಳಿಯಾಗಿ ಜೋಡಿಸಿ ೨೦೧೫ರಲ್ಲಿ ವರದಿಮಾಡಿದರು. ಎರಡು ವರ್ಷಗಳ ತರುವಾಯ ಚಿಲಿ ದೇಶದ ಆಲ್ಮಾ ದೂರದರ್ಶಕದಿಂದ ಅಳೆದಾಗ ಹೊರಹರಿವಿನ ಶಕ್ತಿ ಮೊದಲಿನ ಅಂದಾಜಿಗಿಂತ ಕಡಮೆಯಾಗಿ ಬಂತು. ಗಾಳಿಯೇನೋ ಇದ್ದೇ ಇತ್ತು. ಬದಲಾದದ್ದು ಅದರ ಬಲದ ಲೆಕ್ಕ. ಹೊರಟ ಅನಿಲವೆಲ್ಲ ಗೆಲಾಕ್ಸಿಯ ಸೆಳೆತವನ್ನು ದಾಟಿ ಹೋಗುವುದೋ, ಒಂದು ಪಾಲು ಮರಳಿ ಬೀಳುವುದೋ ಎಂಬ ವಿಚಾರ ಇನ್ನೂ ಬಾಕಿಯಿದೆ.

ಹರ್ಷೆಲ್ ಕಲೆಹಾಕಿದ ರೋಹಿತಗಳು ಈಗ ಯಾರಿಗಾದರೂ ಮುಕ್ತವಾಗಿ ದೊರೆಯುತ್ತವೆ. ಲಿಂಗಸುಗೂರಿನ ಕಾಲೇಜಿಗೆ ದೂರದರ್ಶಕವೇ ಬೇಕೆಂದಿಲ್ಲ, ಒಂದು ಕಂಪ್ಯೂಟರು ಸಾಕು. ಭೌತವಿಜ್ಞಾನದ ಅಧ್ಯಾಪಕರು ಆ ೧೧೯ ಮೈಕ್ರಾನಿನ ರೇಖೆಯನ್ನು ತರಗತಿಯ ಮುಂದಿಡಲಿ. ಗೆಲಾಕ್ಸಿಯ ಸ್ವಂತ ಚಲನೆಯನ್ನು ಕಳೆದ ಮೇಲೆ ರೇಖೆ ೦.೪ ಮೈಕ್ರಾನಿನಷ್ಟು ಸರಿದಿದ್ದರೆ ವೇಗ ಸೆಕೆಂಡಿಗೆ ಸುಮಾರು ೧೦೦೦ ಕಿಲೋಮೀಟರು. ಡಾಪ್ಲರ್ ಸೂತ್ರ ಕಲಿತವರೆಲ್ಲರಿಗೂ ಈ ಉತ್ತರ ಒಂದೇ ಆಗಿ ಬರುತ್ತದೆ. ಬಳಿಕ ಅನಿಲದ ತೂಕವನ್ನು ಕೇಳಲಿ. ಬೆಂಚಿನಿಂದ ಬೆಂಚಿಗೆ ಉತ್ತರ ಬೇರೆಯಾದಾಗ, ಯಾರು ಏನನ್ನು ಊಹಿಸಿಕೊಂಡರೆಂದು ಕಪ್ಪುಹಲಗೆಯ ಮೇಲೆ ಬರೆಸಲಿ.