ಪೆಟ್ ಸ್ಕ್ಯಾನ್‌ಗೆ ಹೋಗುವಾಗ ಕಿಡ್ನಿ ರಿಪೋರ್ಟ್ ಮನೆಯಲ್ಲಿ ಬಿಡಬೇಡಿ



ಊರಿನಿಂದ ಅಪ್ಪನನ್ನೋ ಅಮ್ಮನನ್ನೋ ಮುಂಬಯಿಗೆ, ಪುಣೆಗೆ, ಹೈದರಾಬಾದಿಗೆ ಕರೆಸಿಕೊಂಡು ಪೆಟ್ ಸ್ಕ್ಯಾನ್ ಮಾಡಿಸುವ ಮನೆಗಳು ನಮ್ಮವರಲ್ಲಿ ಬಹಳ. ಕೌಂಟರಿನಲ್ಲಿ ಇಂಗ್ಲಿಷ್ ಫಾರಂ ಕೊಡುತ್ತಾರೆ. ಮಗನೋ ಸೊಸೆಯೋ ನಿಂತಲ್ಲೇ ತುಂಬುತ್ತಾರೆ. 'ಕಿಡ್ನಿ ತೊಂದರೆ ಇದೆಯೇ?' ಎಂಬಲ್ಲಿ 'ಇಲ್ಲ' ಎಂದು ಟಿಕ್ ಬೀಳುತ್ತದೆ. ಪಕ್ಕದಲ್ಲೇ ಕೂತ ಅಮ್ಮನನ್ನು ಒಂದು ಮಾತು ಕೇಳಿರುವುದಿಲ್ಲ. ನನ್ನ ಪ್ರಕಾರ ಆ ಫಾರಂನಲ್ಲಿ ಅತಿ ನಿಧಾನವಾಗಿ ತುಂಬಬೇಕಾದ ಸಾಲುಗಳಲ್ಲಿ ಅದೂ ಒಂದು.

ಯಾಕೆ ಅಂತೀರಾ? ಈ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ ಎಫ್‌ಡಿಜಿ. ಅದು ಸಕ್ಕರೆಯ ಸೋದರನಂಥ ವಸ್ತು, ಜೊತೆಗೆ ಸ್ವಲ್ಪ ವಿಕಿರಣ ಅಂಟಿಸಿರುತ್ತಾರೆ. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಹೆಚ್ಚು ಸಕ್ಕರೆ ಎಳೆದುಕೊಳ್ಳುವುದರಿಂದ ಚಿತ್ರದಲ್ಲಿ ಹೊಳೆಯುತ್ತವೆ. ಮೂತ್ರಕ್ಕೆ ಸೋಸಿ ಬಂದ ನಿಜವಾದ ಸಕ್ಕರೆಯನ್ನು ಆರೋಗ್ಯವಂತ ಕಿಡ್ನಿ ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಆದರೆ ಎಫ್‌ಡಿಜಿಯನ್ನು ಅಷ್ಟಾಗಿ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಅದು ಮೂತ್ರದಲ್ಲಿ ಹೋಗಿಬಿಡುತ್ತದೆ. ಹಾಗಾಗಿ ಕಿಡ್ನಿ, ಮೂತ್ರಚೀಲ ಹೊಳೆಯುವುದು ಸಹಜ. ಫೋನಿನಲ್ಲಿ ಆ ಚಿತ್ರ ನೋಡಿ 'ಅಲ್ಲಿಗೂ ಹರಡಿದೆ' ಎಂದು ನಿದ್ದೆಗೆಡುವವರಿದ್ದಾರೆ. ದಯವಿಟ್ಟು ಚಿತ್ರ ನೋಡಿ ತೀರ್ಮಾನಕ್ಕೆ ಬರಬೇಡಿ.

ಕಿಡ್ನಿ ನಿಧಾನವಾಗಿದ್ದರೆ ಆ ವಸ್ತು ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತಿರಬಹುದು. ಆಗ ಚಿತ್ರದ ಹಿನ್ನೆಲೆ ಮಸುಕಾಗಿ, ಸಣ್ಣ ಗಡ್ಡೆ ಅಷ್ಟು ಎದ್ದು ಕಾಣದಿರಬಹುದು. ಎಲ್ಲರಲ್ಲೂ ದೊಡ್ಡ ವ್ಯತ್ಯಾಸ ಆಗುತ್ತದೆಂದಲ್ಲ. ಆದರೆ ರಿಪೋರ್ಟಿನಲ್ಲಿ ಬರುವ ಎಸ್‌ಯುವಿ (ಕಾರಲ್ಲ, ಹೊಳಪಿನ ಅಳತೆ!) ಸಂಖ್ಯೆಯನ್ನು ಆರು ತಿಂಗಳ ಹಿಂದಿನದಕ್ಕೆ ಹೋಲಿಸಿಯೇ ಕೀಮೋ ಕೆಲಸ ಮಾಡಿತೇ ಎಂದು ನೋಡುವುದುಂಟು. ಲಿಂಫೋಮಾದಲ್ಲಂತೂ ಗಡ್ಡೆಯ ಹೊಳಪನ್ನು ರಕ್ತದ ಮತ್ತು ಲಿವರ್‌ನ ಹೊಳಪಿನ ಜೊತೆ ಇಟ್ಟು ಅಳೆಯುತ್ತಾರೆ. ನಡುವೆ ಕಿಡ್ನಿ ಕುಂದಿದ್ದರೆ ರಿಪೋರ್ಟ್ ಬರೆಯುವ ಡಾಕ್ಟರಿಗೆ ಅದು ಗೊತ್ತಿರಬೇಡವೇ?

'ಹೇಳಿದರೆ ಸ್ಕ್ಯಾನ್ ಮುಂದಕ್ಕೆ ಹಾಕುತ್ತಾರೆ, ಇಂಜೆಕ್ಷನ್ ಕಿಡ್ನಿ ಹಾಳುಮಾಡುತ್ತದೆ' ಎಂಬ ಭಯದಿಂದ ಮುಚ್ಚಿಡುವವರೂ ಇದ್ದಾರೆ. ಎಫ್‌ಡಿಜಿ ಕೊಡುವ ಪ್ರಮಾಣ ಅತ್ಯಲ್ಪ, ಅದರ ವಿಕಿರಣ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಅದರಿಂದ ಕಿಡ್ನಿ ಕೆಡುವುದಿಲ್ಲ. ಯೋಚಿಸಬೇಕಾದ್ದು ಜೊತೆಗಿನ ಸಿಟಿಗೆ ಕೆಲವೊಮ್ಮೆ ಕೊಡುವ ಅಯೋಡಿನ್ ಕಾಂಟ್ರಾಸ್ಟ್ ಬಗ್ಗೆ. ಇ-ಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದರೆ ಡಾಕ್ಟರು ಅದನ್ನು ಎರಡು ಸಲ ಯೋಚಿಸಿ ಕೊಡುತ್ತಾರೆ, ಅಥವಾ ಕಾಂಟ್ರಾಸ್ಟ್ ಇಲ್ಲದೆಯೇ ಸ್ಕ್ಯಾನ್ ಮುಗಿಸುತ್ತಾರೆ. ಮುಚ್ಚಿಟ್ಟರೆ ಆ ಆಯ್ಕೆಯೇ ಅವರಿಗೆ ಸಿಗುವುದಿಲ್ಲ.

'ಕ್ರಿಯಾಟಿನಿನ್ 1.2 ಅಷ್ಟೇ, ನಾರ್ಮಲ್' ಎಂದೂ ಸುಮ್ಮನಾಗಬೇಡಿ. ಅದೇ 1.2ಕ್ಕೆ 30 ವರ್ಷದ ಗಂಡಸಿನ ಇ-ಜಿಎಫ್‌ಆರ್ ಸುಮಾರು 83 ಬಂದರೆ, 75 ವರ್ಷದ ಅಜ್ಜಿಗೆ ಸುಮಾರು 47 ಬರುತ್ತದೆ. ಸೊರಗಿದವರಲ್ಲಿ ಮಾಂಸಖಂಡ ಕಡಿಮೆ, ಕ್ರಿಯಾಟಿನಿನ್ ಕೂಡ ಕಡಿಮೆಯೇ ತೋರಿಸುತ್ತದೆ. ರಿಪೋರ್ಟಿನಲ್ಲಿ ಇ-ಜಿಎಫ್‌ಆರ್ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಇನ್ನು ನೀರು. ಸ್ಕ್ಯಾನ್ ದಿನ 'ಚೆನ್ನಾಗಿ ನೀರು ಕುಡಿಯಿರಿ' ಎನ್ನುತ್ತಾರೆ, ಒಳ್ಳೆಯದೇ. ಆದರೆ ದಿನಕ್ಕೆ ಇಷ್ಟೇ ನೀರು ಎಂದು ಕಿಡ್ನಿ ಡಾಕ್ಟರು ಕಟ್ಟುಹಾಕಿದವರಿಗೆ, ಹೃದಯ ಸೋತವರಿಗೆ ಈ ಸಲಹೆ ಹೊಂದುವುದಿಲ್ಲ. ಮೊದಲೇ ಕೇಳಿ. ಡಯಾಲಿಸಿಸ್‌ನಲ್ಲಿರುವವರು ಯಾವ ದಿನ ಡಯಾಲಿಸಿಸ್, ಯಾವ ದಿನ ಸ್ಕ್ಯಾನ್ ಎಂದು ಎರಡೂ ಕಡೆಯವರಿಗೆ ತಿಳಿಸಿ ತಾರೀಖು ತೆಗೆದುಕೊಳ್ಳಿ. ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಕರುಳು ಹೊಳೆದು ಗೊಂದಲ ಮಾಡಬಹುದು. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಎಷ್ಟು ದಿನ ಬಿಡಬೇಕು, ಬಿಡಬೇಕೋ ಬೇಡವೋ ಎಂದು ಡಾಕ್ಟರೇ ಹೇಳಲಿ.

ಹಳೆಯ ರಿಪೋರ್ಟುಗಳು ಊರಿನ ಕಪಾಟಿನಲ್ಲೇ ಉಳಿದಿವೆಯೇ? ಅಲ್ಲಿರುವ ತಮ್ಮನಿಗೋ ಪಕ್ಕದ ಮನೆಯವರಿಗೋ ಫೋನ್ ಮಾಡಿ, ಫೋಟೋ ತೆಗೆದು ಕಳಿಸಲು ಹೇಳಿ. ಫಾರಂ ತುಂಬುವಾಗ ಅಮ್ಮನ ಪಕ್ಕ ಕೂತು, ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿ. 'ಕಾಲು ಬಾತುಕೊಳ್ಳುತ್ತೆ ಕಣೋ, ನಿನಗೆ ಹೇಳಿರಲಿಲ್ಲ' ಎಂಬ ಮಾತು ಆಗಲೇ ಹೊರಬರುವುದು.