ಊದುಗೊಳವೆ ಇರುವ ಎಂಜಿನ್

ಯುರೋಪಿನಲ್ಲಿರುವ ನಮ್ಮಲ್ಲಿ ಹಲವರ ಮನೆ ಕಾರು ಈಗ ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೋ ಪೆಟ್ರೋಲ್. ಫೋಕ್ಸ್‌ವಾಗನ್‌ನ 1.0 ಟಿಎಸ್‌ಐ, ಫೋರ್ಡ್‌ನ 1.0 ಇಕೋಬೂಸ್ಟ್, ಎರಡೂ 999 ಸಿಸಿ. ಕಾಗದದಲ್ಲಿ ಕಂಡ ಮೈಲೇಜ್ ರಸ್ತೆಯಲ್ಲಿ ಸಿಗುತ್ತಿಲ್ಲ ಎಂಬ ಗೊಣಗಾಟವೂ ಜೊತೆಗೇ ಬಂದಿದೆ.

"ಟರ್ಬೋ ಅಂದ್ರೇನು?" ಎಂದು ಹಿಂದಿನ ಸೀಟಿನಿಂದ ಪ್ರಶ್ನೆ ಬಂದರೆ ಕನ್ನಡದಲ್ಲೇ ಹೇಳಿ, ಕಷ್ಟವಿಲ್ಲ. ಸೌದೆ ಒಲೆಗೆ ಅಜ್ಜಿ ಊದುಗೊಳವೆಯಲ್ಲಿ ಊದಿದರೆ ಬೆಂಕಿ ಭಗ್ಗನೆ ಏಳುತ್ತದಲ್ಲ, ಅದೇ. ಇಲ್ಲಿ ಊದುವುದು ಎಂಜಿನ್ನಿನದೇ ಹೊಗೆ. ಹೊರಹೋಗುವ ಬಿಸಿ ಅನಿಲ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ.

ಆದರೆ ಗಾಳಿ ಹೆಚ್ಚಿದಷ್ಟೂ ಪೆಟ್ರೋಲೂ ಹೆಚ್ಚಬೇಕು. ಸುಮಾರು 14.7 ಗ್ರಾಂ ಗಾಳಿಗೆ ಒಂದು ಗ್ರಾಂ ಪೆಟ್ರೋಲ್ ಎಂಬ ಲೆಕ್ಕ ತಪ್ಪುವಂತಿಲ್ಲ. ಹಾಗಾಗಿ ಉಳಿತಾಯ ಬರುವುದು ಎಂಜಿನ್ ಚಿಕ್ಕದಾಗಿರುವುದರಿಂದಲೇ ಹೊರತು ಟರ್ಬೋ ಜೋರಾಗಿ ಊದುವುದರಿಂದಲ್ಲ. ಕಾಲು ಒತ್ತಿಯೇ ಇಟ್ಟರೆ ಇನ್ನೂ ಒಂದು ತೊಂದರೆ: ಹೊಗೆ ವಿಪರೀತ ಕಾದಾಗ ಅದನ್ನು ತಣಿಸಲೆಂದೇ ಹಲವು ಎಂಜಿನ್‌ಗಳು ಹೆಚ್ಚುವರಿ ಪೆಟ್ರೋಲ್ ಸಿಂಪಡಿಸುತ್ತವೆ. ಆ ಪೆಟ್ರೋಲು ಕಾರನ್ನು ಒಂದಡಿಯೂ ಮುಂದೆ ತಳ್ಳುವುದಿಲ್ಲ.

ಜರ್ಮನಿಯ ಆಟೋಬಾನ್‌ನಲ್ಲಿ ಸಲಹೆಯ ವೇಗ ಗಂಟೆಗೆ 130 ಕಿ.ಮೀ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 110ಕ್ಕಿಂತ 130ರಲ್ಲಿ ಅದು ಶೇ. 40ರಷ್ಟು ಜಾಸ್ತಿ. ಐವತ್ತು ಕಿಲೋಮೀಟರಿಗೆ ಉಳಿಯುವ ಸಮಯ ನಾಲ್ಕೇ ನಿಮಿಷ. ಹಿಂದೆ ಮಗು ಮಲಗಿದ್ದರಂತೂ ಆ ನಾಲ್ಕು ನಿಮಿಷ ಯಾರಿಗೆ ಬೇಕು?

ಈಗ ಗೇರಿನ ವಿಷಯ. ಇದು ಮೈಲೇಜಿಗಿಂತ ದೊಡ್ಡದು, ದಯವಿಟ್ಟು ಗಮನವಿಟ್ಟು ಓದಿ. "ಬೇಗ ಮೇಲಿನ ಗೇರಿಗೆ ಹಾಕು" ಎಂಬ ಹಳೆಯ ಬುದ್ಧಿಮಾತು ಸಮತಟ್ಟಾದ ರಸ್ತೆಯಲ್ಲಿ ಸರಿಯೇ. ಆದರೆ ಏರು ಹತ್ತುವಾಗ, ಹೆದ್ದಾರಿಗೆ ಸೇರಿಕೊಳ್ಳುವಾಗ, ಐದನೇ ಗೇರಿನಲ್ಲಿ 1300 ಆರ್‌ಪಿಎಂ ಇಟ್ಟುಕೊಂಡು ಪೂರ್ತಿ ಒತ್ತಬೇಡಿ. ಕಿಡಿ ಹಾರುವ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ಅಪಾಯ ಈ ಚಿಕ್ಕ ಟರ್ಬೋಗಳಲ್ಲಿದೆ; ಆ ಹೊಡೆತಕ್ಕೆ ಪಿಸ್ಟನ್ ಒಡೆಯಲೂಬಹುದು. ಗೇರು ಇಳಿಸಿ, 2000 ದಾಟಲು ಬಿಡಿ, ಆಮೇಲೆ ಒತ್ತಿ. ಎಂಜಿನ್ ಆಯಿಲ್ ಕೂಡ ಕೈಪಿಡಿ ಹೇಳಿದ ದರ್ಜೆಯದೇ ಇರಲಿ. ಅಗ್ಗದ ಡಬ್ಬಿ ಇಲ್ಲಿ ದುಬಾರಿ. ಆಟೋಮ್ಯಾಟಿಕ್ ಇರುವವರಿಗೆ ಈ ತಲೆನೋವು ಬಹುಪಾಲು ಗೇರ್‌ಬಾಕ್ಸಿನದೇ.

ಶಾಲೆಗೆ ಎರಡು ಕಿಲೋಮೀಟರ್ ಬಿಟ್ಟುಬರುವ ಓಟವೇ ಈ ಎಂಜಿನ್ನಿಗೆ ಅತಿ ಕೆಟ್ಟದ್ದು. ಜನವರಿಯ ಚಳಿಯಲ್ಲಿ ಅದು ಬಿಸಿಯಾಗುವ ಮೊದಲೇ ಶಾಲೆ ಬಂದಿರುತ್ತದೆ. ತಣ್ಣನೆಯ ಸಿಲಿಂಡರ್ ಗೋಡೆಗೆ ಅಂಟಿದ ಪೆಟ್ರೋಲು ಇಳಿದು ಆಯಿಲಿಗೆ ಬೆರೆಯುತ್ತದೆ. ಸಾಧ್ಯವಿದ್ದರೆ ನಡೆದೇ ಹೋಗಿ. ಅರ್ಧ ಗಂಟೆ ಬೇಕು, ನಿಜ. ಆ ಅರ್ಧ ಗಂಟೆ ಪೂರ್ತಿ ಕನ್ನಡದಲ್ಲೇ ಮಾತಾಡಬಹುದು.

ದೊಡ್ಡ ಮಕ್ಕಳಿಗೆ ಒಂದು ಕೆಲಸ ಕೊಡಿ. ಇಲ್ಲಿನ ಕಾರು ತೋರಿಸುವುದು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು. ಊರಿನ ತಾತ ಕೇಳುವುದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು. 5.5 ಬಂದರೆ ನೂರನ್ನು ಅದರಿಂದ ಭಾಗಿಸಿ, ಫೋನಿನಲ್ಲಿ "ಹದಿನೆಂಟು ಕೊಡುತ್ತೆ ತಾತ" ಎನ್ನಬೇಕು. ತಾತ ತಮ್ಮ ಸ್ಕೂಟರಿನ ಲೆಕ್ಕ ಹೇಳಿ ನಗುವುದು ಖಂಡಿತ.