ಮುದ್ರೆ ಯಾರ ಕೈಯಲ್ಲಿ?

ಅಂಗಡಿಯ ತಕ್ಕಡಿಗೂ ತೂಕದ ಕಲ್ಲಿಗೂ ಸರಕಾರದ ಮುದ್ರೆ ಬೀಳಬೇಕು. ಪ್ರಾಮಾಣಿಕನಾದ ಯಾವ ವ್ಯಾಪಾರಿಯೂ ಅದನ್ನು ಬೇಡವೆನ್ನುವುದಿಲ್ಲ. ಆದರೆ ಆ ಮುದ್ರೆಯೊತ್ತುವ ಅಧಿಕಾರವನ್ನು ಎದುರಿನ ದೊಡ್ಡ ಮಂಡಿಯ ಸಾಹುಕಾರನಿಗೇ ಒಪ್ಪಿಸಿದರೆ? ಚಿಕ್ಕವರ ಕಲ್ಲುಗಳೆಲ್ಲ ಒಂದೇ ದಿನದಲ್ಲಿ ಸುಳ್ಳಾಗುವುದರಲ್ಲಿ ಸಂದೇಹವಿಲ್ಲ.

ಟೆಲಿಫೋನ್ ಸಾಮಾನನ್ನು ಪರದೇಶದಲ್ಲಿ ಮಾರಲು ಹೊರಟವನಿಗೆ ಎದುರಾಗುವ ಪ್ರಶ್ನೆಯೂ ಇದೇ. ಸರಕು ಚೆನ್ನಾಗಿದ್ದು ಬೆಲೆ ಒಪ್ಪಿಗೆಯಾದರೆ ಸಾಲದು. ಆ ದೇಶದ ಮುದ್ರೆ ಬೀಳದೆ ಅದು ಅಂಗಡಿ ಸೇರದು. ಮುದ್ರೆ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅಮೆರಿಕದಲ್ಲಿ ಬಹುಕಾಲ ಅದು ಬೆಲ್ ಕಂಪನಿಯ ಕೈಯಲ್ಲಿತ್ತು. ತಂತಿ ಅದರದು, ಟೆಲಿಫೋನು ಅದರದೇ ಕಾರ್ಖಾನೆಯದು, ಮನೆಯವನು ಬಾಡಿಗೆ ತೆರುವವನು ಮಾತ್ರ. ಪರರ ಸಾಮಾನನ್ನು ತಗುಲಿಸಕೂಡದೆಂದು ಕಟ್ಟಳೆ. ಮಾತು ಪಕ್ಕದವರಿಗೆ ಕೇಳದಂತೆ ಟೆಲಿಫೋನಿನ ಬಾಯಿಗೆ ಸಿಕ್ಕಿಸುವ ‘ಹಷ್-ಎ-ಫೋನ್’ ಎಂಬ ಬಟ್ಟಲಿಗೆ ವಿದ್ಯುತ್ತಿನ ಸೋಂಕೇ ಇರಲಿಲ್ಲ. ಅದನ್ನೂ ಕಂಪನಿ ನಿಷೇಧಿಸಿತು! ಸರಕಾರದ ಸಂಪರ್ಕ ಆಯೋಗವೂ ಕಂಪನಿಯ ಪಕ್ಷವನ್ನೇ ವಹಿಸಿತು. 1956ರಲ್ಲಿ ನ್ಯಾಯಾಲಯ ಆ ತೀರ್ಮಾನವನ್ನು ತಳ್ಳಿಹಾಕಿತು.

1968ರಲ್ಲಿ, ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬಾತನ ‘ಕಾರ್ಟರ್‌ಫೋನ್’ ಪ್ರಕರಣದಲ್ಲಿ, ಜಾಲಕ್ಕೆ ಕೇಡು ಮಾಡದ ಸಾಧನವನ್ನು ತಡೆಯಕೂಡದೆಂದು ಆಯೋಗವೇ ಸಾರಿತು. ಸೋತ ಕಂಪನಿ ಸುಮ್ಮನಿರಲಿಲ್ಲ. ಪರರ ಸಾಧನಕ್ಕೂ ತನ್ನ ತಂತಿಗೂ ನಡುವೆ ತನ್ನದೇ ಒಂದು ‘ರಕ್ಷಣಾ ಪೆಟ್ಟಿಗೆ’ಯನ್ನು ಬಾಡಿಗೆಗೆ ಪಡೆಯಬೇಕೆಂದಿತು. ಬಾಗಿಲು ತೆರೆದು ಹೊಸ್ತಿಲಲ್ಲಿ ಸುಂಕದ ಕಟ್ಟೆ ಕಟ್ಟಿದಂತಾಯಿತು.

ಕಂಪನಿಯ ವಾದದಲ್ಲಿ ಸತ್ಯವೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಕೆಟ್ಟ ಉಪಕರಣದಿಂದ ಮನೆಯ ವಿದ್ಯುತ್ ಟೆಲಿಫೋನ್ ತಂತಿಗೆ ನುಗ್ಗಿದರೆ ಕಂಬವೇರಿದ ಕಾರ್ಮಿಕನ ಪ್ರಾಣಕ್ಕೇ ಸಂಚಕಾರ. ಮಿತಿಮೀರಿದ ಸಂಕೇತ ನೆರೆಯ ತಂತಿಯವರ ಮಾತನ್ನು ಕೆಡಿಸುತ್ತದೆ. ಹೀಗಾಗಿ ಪರೀಕ್ಷೆ ಬೇಕೇ ಬೇಕು. ಆದರೆ ಪರೀಕ್ಷಕನೇ ಪ್ರತಿಸ್ಪರ್ಧಿಯಾಗಿರಬಾರದು.

ಈ ನ್ಯಾಯ ಕೈಗೂಡಿದ್ದು 1975ರ ನಿಯಮಗಳಿಂದ. ಕೆಲಸಗಾರರಿಗೆ ವಿದ್ಯುತ್ ಅಪಾಯ, ಕಂಪನಿಯ ಯಂತ್ರಗಳಿಗೆ ಹಾನಿ, ಬಿಲ್ಲಿನ ಲೆಕ್ಕದಲ್ಲಿ ಗೊಂದಲ, ಇತರ ಗ್ರಾಹಕರ ಸೇವೆಗೆ ಧಕ್ಕೆ — ಈ ನಾಲ್ಕನ್ನು ಮಾಡುವುದಿಲ್ಲವೆಂದು ತೋರಿಸಿ ಆಯೋಗದಲ್ಲಿ ನೋಂದಾಯಿಸಿದರೆ, ಸ್ವದೇಶಿಯಾಗಲಿ ಪರದೇಶಿಯಾಗಲಿ, ಯಾರ ಉಪಕರಣವನ್ನಾದರೂ ನೇರವಾಗಿ ತಂತಿಗೆ ಜೋಡಿಸಬಹುದಾಗಿತ್ತು. ಕಂಪನಿ ಇದನ್ನೂ ನ್ಯಾಯಾಲಯಕ್ಕೆಳೆದು ಸೋತಿತು. ಮುಂದೆ ಮೋಡೆಮ್, ಫ್ಯಾಕ್ಸ್ ಯಂತ್ರಗಳು ಮನೆಮನೆಗೆ ಹೊಕ್ಕದ್ದು ಇದೇ ಬಾಗಿಲಿನಿಂದ.

ಈಗ ನಾವೂ ಬಾಗಿಲು ಕಾಯುವವರಾಗಿದ್ದೇವೆ. ಭಾರತದಲ್ಲಿ 2017ರ ನಿಯಮಗಳು ದೂರಸಂಪರ್ಕ ಉಪಕರಣಗಳ ಪರೀಕ್ಷೆ ಮತ್ತು ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದವು. 2019ರ ಅಕ್ಟೋಬರಿನಿಂದ ಮೊದಲ ಹಂತ ಜಾರಿಯಾಯಿತು. ಪರದೇಶದ ತಯಾರಕ ಇಲ್ಲಿ ಅಧಿಕೃತ ಪ್ರತಿನಿಧಿಯೊಬ್ಬನನ್ನು ನೇಮಿಸಿಕೊಂಡೇ ಅರ್ಜಿ ಹಾಕಬೇಕು. ನಮ್ಮವನು ಹೊರಗೆ ಮಾರಲು ಹೋದರೆ ಅಲ್ಲಿಯ ಕಟ್ಟಳೆಗೆ ತಲೆಬಾಗಬೇಕು. ಒಂದೊಂದು ದೇಶಕ್ಕೆ ಒಂದೊಂದು ಪರೀಕ್ಷೆ, ಒಂದೊಂದು ಶುಲ್ಕ. ದೊಡ್ಡ ಕಂಪನಿಗೆ ಇದು ಲೆಕ್ಕಪುಸ್ತಕದ ಒಂದು ಸಾಲು. ಹತ್ತು ಜನ ಕೆಲಸಗಾರರ ಚಿಕ್ಕ ಕಾರ್ಖಾನೆಗೆ ಇದೇ ವರ್ಷದ ಲಾಭವನ್ನು ನುಂಗಬಲ್ಲದು.

ಆದ್ದರಿಂದ ನಾವು ಕೇಳುವುದಿಷ್ಟು. ಪರೀಕ್ಷೆಯ ಅಳತೆಗಳು ಬಹಿರಂಗವಾಗಿರಲಿ. ಅವು ಜೀವವನ್ನೂ ಜಾಲವನ್ನೂ ಕಾಯಲಿ, ಯಾರ ಏಕಸ್ವಾಮ್ಯವನ್ನೂ ಕಾಯದಿರಲಿ. ಶುಲ್ಕ ಚಿಕ್ಕವನ ಶಕ್ತಿಯನ್ನು ಮೀರದಿರಲಿ. ಒಂದೆಡೆ ನಡೆದ ಪರೀಕ್ಷೆಯನ್ನು ಇನ್ನೊಂದೆಡೆ ಮಾನ್ಯಮಾಡುವ ಒಡಂಬಡಿಕೆಗೆ ಅಮೆರಿಕ ಮತ್ತು ಯುರೋಪಿನ ಒಕ್ಕೂಟ 1998ರಲ್ಲಿಯೇ ಸಹಿ ಹಾಕಿದವು. ಅಂಥ ದಾರಿ ನಮ್ಮ ಚಿಕ್ಕ ತಯಾರಕನಿಗೂ ತೆರೆಯಲಿ. ಕಂಬವೇರುವವನ ಪ್ರಾಣದ ಹೆಸರು ಹೇಳಿ ಸಾಹುಕಾರನ ಪೆಟ್ಟಿಗೆ ತುಂಬಿಸುವುದನ್ನು ಯಾವ ದೇಶದಲ್ಲಿಯೂ ಜನ ಸಹಿಸಬಾರದು.